ನಮ್ಮ ಮನ್ಯಾವ್ರನ್ನ ಕೇಳಿ ಹೇಳ್ತೇನ್ರಿ

ಐವತ್ಮೂರನೆಯ ವಯಸ್ಸಿನಲ್ಲಿ ನಾನು ಹಳೇ ಹುಬ್ಬಳ್ಳಿಯಲ್ಲಿ, ಬಾಡಿಗೆಗೆ ಕೊಡಲೆಂದು ಒಂದು ಮನೆ ಕೊಂಡೆ. ಅದಕ್ಕೂ ಮೊದಲು ಎರಡು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬಾತ ಪ್ರತಿ ವಿಡಿಯೋದ ಕೊನೆಗೂ "ನೀವು ಮಲಗಿರುವಾಗ ನಿಮ್ಮ ಮನೆ ನಿಮಗಾಗಿ ದುಡಿಯುತ್ತದೆ" ಎನ್ನುತ್ತಿದ್ದ. ಮನೆ ದುಡಿಯಿತೋ ಬಿಟ್ಟಿತೋ, ಅದನ್ನು ಕೊಂಡ ಮೇಲೆ ನಾನಂತೂ ನೆಟ್ಟಗೆ ಮಲಗಲಿಲ್ಲ.

ಇಪ್ಪತ್ತಾರು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಮೊಣಕಾಲು ನೋವು ಜೋರಾದಾಗ ಕೆಲಸ ಬಿಟ್ಟೆ. ಕೈಗೆ ಬಂದ ಹಣವನ್ನು ಬ್ಯಾಂಕಿನಲ್ಲಿಡು ಎಂದು ಎಲ್ಲರೂ ಹೇಳಿದರು. ನನಗೆ ಮನೆಯೇ ಬೇಕಿತ್ತು. ಕಾರಣವನ್ನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದರು. ನಾನು ಬೆಳೆದದ್ದು ಅಪ್ಪನ ಮನೆಯಲ್ಲಿ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ರೈಲ್ವೆ ಕ್ವಾರ್ಟರ್ಸಿನಲ್ಲಿ. ಆಮೇಲೆ ಕೇಶ್ವಾಪುರದಲ್ಲಿ, ಅತ್ತೆಯ ಮನೆಯಲ್ಲಿ. ಎಲ್ಲಿಯೂ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೆ ಯಾರನ್ನಾದರೂ ಕೇಳಬೇಕಿತ್ತು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಈಗಲೂ ಅವರ ಫೋಟೋದ ಕಡೆ ಒಮ್ಮೆ ನೋಡಿಯೇ ನಾನು ಸುತ್ತಿಗೆ ಎತ್ತುತ್ತೇನೆ. ಹಾಗಾಗಿ ಒಂದು ಮನೆ, ಅದರಲ್ಲಿ ನಾನು ಇರದಿದ್ದರೂ ಪರವಾಗಿಲ್ಲ, ನನ್ನ ಮಾತು ನಡೆಯುವಂಥದ್ದು ಬೇಕು ಅನ್ನಿಸಿತ್ತು.

ನನ್ನ ಗಂಡ ಜಾನ್ಸನ್ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಚರ್ಚಿನಲ್ಲಿ ಬಹಳ ದಪ್ಪ ದನಿಯಲ್ಲಿ ಹಾಡುತ್ತಾರೆ. ಆ ದನಿಯನ್ನು ಹಾಡಿಗಲ್ಲದೆ ಬೇರೆ ಯಾವುದಕ್ಕೂ ಬಳಸಿದ್ದನ್ನು ನಾನು ಕೇಳಿಲ್ಲ. ಮನೆ ಕೊಳ್ಳುವ ಮಾತು ಎತ್ತಿದಾಗ ಅವರು ಹಳೆಯ ರೇಡಿಯೋ ಒಂದನ್ನು ಬಿಚ್ಚಿಕೊಂಡು ಕೂತಿದ್ದರು.

"ರೊಕ್ಕ ನಿಂದು, ಮನಿ ನಿಂದು. ನನ್ನ ಯಾಕ ಕೇಳ್ತಿ?" ಅಂದರು.

"ಕೇಳಾಕತ್ತಿಲ್ಲ, ಹೇಳಾಕತ್ತೇನಿ," ಅಂದೆ.

ಆ ದಿನ ನನಗೆ ಎಷ್ಟು ಧೈರ್ಯವಿತ್ತು!

ಮನೆ ತೋರಿಸಿದವರು ದಲಾಲಿ ಕಮರುದ್ದೀನ. ತಮ್ಮ ಸ್ಕೂಟರು ಕೂಡ ಕಷ್ಟಪಟ್ಟು ತೂರುವಂಥ ಗಲ್ಲಿಯಲ್ಲಿ ನಿಲ್ಲಿಸಿ, ಎರಡು ಕೋಣೆ, ಒಂದು ಅಡುಗೆಮನೆ, ಹಿಂದೊಂದು ಹಿತ್ತಲು ತೋರಿಸಿದರು. ಅಡುಗೆಮನೆಯ ಗೋಡೆಯಲ್ಲಿ ತಟ್ಟೆಯಗಲದ ಕಂದು ಕಲೆಯಿತ್ತು.

"ಗ್ವಾಡಿ ಹಸಿ ಐತೇನ್ರಿ?" ಎಂದು ಕೇಳಿದೆ.

"ಹಳೇ ಗಾಯ ರೀ ಮೇಡಮ್ಮಾರ. ಎಂದೋ ಮಾದೈತಿ. ಈಗ ಬರೇ ಕಲಿ ಉಳದೈತಿ."

ನಾನು ನರ್ಸ್ ಎಂದು ಅವರಿಗೆ ಮೊದಲೇ ಹೇಳಿಬಿಟ್ಟಿದ್ದು ತಪ್ಪಾಯಿತು. ನನ್ನ ಭಾಷೆಯಲ್ಲೇ ಹೇಳಿದರು, ನಾನು ಪರಿಣತಳ ಹಾಗೆ ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದೆ. ಮೊದಲ ಮಳೆಗೇ ಆ ಮಾದ ಗಾಯ ಬಾಯಿಬಿಟ್ಟು ನೀರು ಒಸರಿತು.

ಬೆಲೆಯ ಮಾತಿಗೆ ಕೂತಾಗ ನನ್ನ ನಿಜವಾದ ಯೋಗ್ಯತೆ ಗೊತ್ತಾಯಿತು. ಕಾಯಿಪಲ್ಲೆಯವಳು ಹೇಳಿದ ರೇಟಿಗೆ ಒಪ್ಪಿ, ಮೇಲೆ ಅವಳಿಗೇ ಥ್ಯಾಂಕ್ಸ್ ಹೇಳಿ ಬರುವ ಹೆಂಗಸು ನಾನು. ಮಾರುವವರು ಬೆಲೆ ಹೇಳಿದ ಕೂಡಲೇ "ಆತ್ರಿ" ಎನ್ನುವುದು ಗಂಟಲಿಗೆ ಬಂದಿತ್ತು. ಹೆಚ್ಚಾಯಿತು ಎಂದು ಒಳಗೆ ಅನ್ನಿಸುತ್ತಿತ್ತು. ಎರಡರ ನಡುವೆ ಸಿಕ್ಕಿಕೊಂಡು, ಹೊತ್ತು ಕಳೆಯಲೆಂದು ಅಂದೆ: "ನಮ್ಮ ಮನ್ಯಾವ್ರನ್ನ ಕೇಳಿ ಹೇಳ್ತೇನ್ರಿ."

ನಾಲ್ಕು ಜನರ ಮುಂದೆ ಗಂಡನ ಹೆಸರು ಹೇಳದೆ ಬೆಳೆದ ನಾಲಿಗೆ ಇದು. ಅವರು ನಮ್ಮ ಮನ್ಯಾವ್ರು. ಹಣ ನನ್ನದು, ಕಾಗದವಾಗುವುದು ನನ್ನ ಹೆಸರಿಗೆ, 'ಮನೆಯವರು' ಮಾತ್ರ ಅವರು. ಇದರ ತಮಾಷೆ ಆಗ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಕಮರುದ್ದೀನರ ಫೋನು. "ಮೇಡಮ್ಮಾರ, ಐವತ್ತು ಸಾವಿರ ಕಡಿಮಿ ಮಾಡಿಸೇನ್ರಿ. ಸಾಹೇಬ್ರಿಗೆ ಹೇಳ್ರಿ, ಸಿಟ್ಟಾಗಬ್ಯಾಡ್ರಿ ಅನ್ರಿ."

ಸಾಹೇಬರು ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು ರೇಡಿಯೋದ ಹಿಂಬದಿಯಲ್ಲಿ ಇಣುಕುತ್ತಿದ್ದರು. ನಾಲ್ಕು ಪದಕ್ಕೆ ಐವತ್ತು ಸಾವಿರ! ಆ ಇಸ್ತ್ರಿ ಅಂಗಿಯವನು ಇದನ್ನು ಒಂದು ವಿಡಿಯೋದಲ್ಲಿಯೂ ಹೇಳಿಕೊಟ್ಟಿರಲಿಲ್ಲ. ನನ್ನಷ್ಟು ಜಾಣೆ ಇಡೀ ಹುಬ್ಬಳ್ಳಿಯಲ್ಲಿ ಇಲ್ಲ ಎಂದುಕೊಂಡು ಮನೆಯ ಕಾಗದಕ್ಕೆ ಸಹಿ ಹಾಕಿದೆ.

ಬಾಡಿಗೆಗೆ ಬಂದವಳು ಸಂಗವ್ವ. ಉಪ್ಪಿನಬೆಟಗೇರಿಯವಳು, ನನಗಿಂತ ಆರೇಳು ವರ್ಷ ಚಿಕ್ಕವಳು. ಇಬ್ಬರು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಬಂದ ಮೊದಲ ವಾರವೇ ಕೇಳಿದಳು:

"ಅಕ್ಕಾರ, ಹಿತ್ತಲದಾಗ ಒಂದು ಪತ್ರಾಸಿನ ಶೆಡ್ ಹಾಕ್ಕೋಬೇಕಂತ ಮಾಡೇನ್ರಿ. ಒಳಗ ಮೂರು ಒಲಿ ಹಚ್ಚಿದ್ರ ಝಳಕ್ಕ ಜೀವ ಹೋಗತೈತಿ."

ತಗಡಿನ ಶೆಡ್ ಬಂದರೆ ಹಿತ್ತಲು ಹೋಯಿತು, ಪಕ್ಕದ ಮನೆಯವರ ತಕರಾರು ಬಂತು. ಬೇಡ ಎಂದು ನನ್ನ ತಲೆ ಕೂಡಲೇ ಹೇಳಿತು. ಬಾಯಿ ಹೇಳಿದ್ದು ಬೇರೆ: "ನಮ್ಮ ಮನ್ಯಾವ್ರನ್ನ ಕೇಳಿ ಹೇಳ್ತೇನ್ರಿ."

ಯಾರನ್ನೂ ಕೇಳಲಿಲ್ಲ. ಎರಡು ದಿನ ಬಿಟ್ಟು ಫೋನು ಮಾಡಿ, "ಅವರು ಬ್ಯಾಡ ಅಂತಾರ್ರಿ ಸಂಗವ್ವಾರ. ನನಗ ಭಾಳ ಕೆಟ್ಟ ಅನಿಸ್ತು," ಅಂದೆ.

"ನೀವ್ಯಾಕ ಕೆಟ್ಟ ಅನಸ್ಕೋತೀರಿ? ನಿಮ್ಮದೇನ್ರಿ ತಪ್ಪು?" ಅಂದಳು ಪುಣ್ಯಾತ್ಗಿತ್ತಿ. ಸಂಜೆ ಇಪ್ಪತ್ತು ರೊಟ್ಟಿ, ಒಂದು ಪೊಟ್ಟಣ ಶೇಂಗಾ ಚಟ್ನಿ ಕಳಿಸಿದಳು.

ನನಗೆ ದಾರಿ ಸಿಕ್ಕಿಬಿಟ್ಟಿತು. ಮುಂದಿನ ಕೋಣೆಗೆ ಕಡು ಹಸಿರು ಬಣ್ಣ ಬಳಿಯುತ್ತೇನೆ ಅಂದಳು, ನಮ್ಮ ಮನ್ಯಾವ್ರು ಒಪ್ಪಲಿಲ್ಲ. ಬಾಡಿಗೆಯ ತಾರೀಕು ಹತ್ತಕ್ಕೆ ದೂಡಿರಿ ಅಂದಳು, ನಮ್ಮ ಮನ್ಯಾವ್ರು ಒಪ್ಪಲಿಲ್ಲ. ಅಟ್ಟದ ಮೇಲೆ ಜೋಳದ ಚೀಲ ಇಡುತ್ತೇನೆ ಅಂದಾಗ ನಮ್ಮ ಮನ್ಯಾವ್ರು ಸಿಟ್ಟಿಗೇ ಎದ್ದರು. ಕೆಟ್ಟ ಹೆಸರು ಅವರಿಗೆ, ರೊಟ್ಟಿ ನನಗೆ. ಪ್ರತಿ ಸಲವೂ ಮನೆಗೆ ಬಂದು ಆ ರೊಟ್ಟಿಯನ್ನು ಜಾನ್ಸನ್‌ರಿಗೆ ಬಡಿಸುತ್ತಿದ್ದೆ. "ಭಾರಿ ಛಲೋ ಹೆಣ್ಮಗಳು," ಎಂದು ಕಟುಂ ಕಟುಂ ಅಗಿಯುತ್ತಿದ್ದರು.

ಸುಳ್ಳಿಗೆ ತಾನಾಗಿಯೇ ಕೈಕಾಲು ಬೆಳೆದವು. ನಮ್ಮ ಮನ್ಯಾವ್ರು ಮಾತು ಕಡಿಮೆ. ಒಮ್ಮೆ ಇಲ್ಲ ಅಂದರೆ ಇಲ್ಲ. ಊಟದ ಹೊತ್ತಿನಲ್ಲಿ ಇಂಥ ಮಾತು ಎತ್ತಿದರೆ ತಟ್ಟೆ ಸರಿಸಿ ಏಳುತ್ತಾರೆ. ಒಂದು ದಿನ ಸಂಗವ್ವ ಕೆಲಸದವರನ್ನು ಹಿತ್ತಲಿಗೆ ಕಳಿಸಿ, ದನಿ ತಗ್ಗಿಸಿ ಕೇಳಿದಳು:

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಕೈ ಮಾಡ್ತಾರೇನ್ರಿ?"

ಛೆ ಛೆ ಎಂದು ನಗಬೇಕಿತ್ತು. ನಾನು ನಿಟ್ಟುಸಿರು ಬಿಟ್ಟೆ. ಯಾಕೆ ಬಿಟ್ಟೆನೋ ದೇವರಿಗೇ ಗೊತ್ತು. ಆಕೆಯ ಕಣ್ಣಿನಲ್ಲಿ ನನ್ನ ಬಗ್ಗೆ ಅಷ್ಟೊಂದು ಮರುಕವಿತ್ತು, ಅದನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಸ್ವಲ್ಪ ತಡೆದು, "ಅದೊಂದು ಇಲ್ರಿ," ಅಂದೆ. 'ಅದೊಂದು' ಅನ್ನುವ ಪದ ಮಾಡಬೇಕಾದ ಕೆಲಸವನ್ನೆಲ್ಲ ಮಾಡಿ ಮುಗಿಸಿತು.

ಅದೇ ಸಂಜೆ ಜಾನ್ಸನ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದಯಾ, ಚಾದಾಗ ಅರ್ಧ ಚಮಚಾ ಸಕ್ಕರಿ ಹಾಕ್ಕೊಳ್ಳಲೇನು?" ಎಂದು ಕೇಳಿದರು.

"ಬ್ಯಾಡ," ಅಂದೆ. ಅವರಿಗೆ ಹೇಳುವಾಗ ಆ ಪದ ಎಷ್ಟು ಸಲೀಸಾಗಿ ಬರುತ್ತಿತ್ತು!

ಆ ದಿನ ಪಾತ್ರೆ ತಿಕ್ಕುತ್ತ ಯೋಚಿಸಿದೆ. ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನಾನು ಹುಲಿಯಂತೆ ಓಡಾಡಿದ್ದೆ. ಅನ್ನ ಕೊಡಬೇಡಿ, ಮಂಚದಿಂದ ಇಳಿಯಬೇಡಿ, ನೋಡಲು ಬಂದವರು ಹೊರಗೆ ಹೋಗಿ. ಆದರೆ ಪ್ರತಿ ಸಲವೂ ಬಾಲದಲ್ಲಿ ಒಂದು ಮಾತು ಸೇರಿಸುತ್ತಿದ್ದೆ: "ಡಾಕ್ಟರ್ ಹೇಳ್ಯಾರ." ಎಷ್ಟೋ ಸಲ ಡಾಕ್ಟರ್ ಹೇಳಿರುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದನ್ನೇ ನಾನು ಅವರ ಹೆಸರಿನಲ್ಲಿ ಹೇಳುತ್ತಿದ್ದೆ. ಅಂದರೆ ಒಂದು ದಿನವಾದರೂ ನಾನು ನಾನಾಗಿ ಯಾರಿಗೂ ಬೇಡ ಅಂದವಳಲ್ಲ. ಡಾಕ್ಟರನ್ನು ನರ್ಸಿಂಗ್ ಹೋಮಿನಲ್ಲಿ ಬಿಟ್ಟು ಬಂದೆ, ಗಂಡನನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಇಷ್ಟು ಹೊಳೆದ ಮೇಲೆ ಯಾರಾದರೂ ಬದಲಾಗುತ್ತಾರೆ. ನಾನು ಪಾತ್ರೆ ತೊಳೆದು ಬೋರಲು ಹಾಕಿ ಟಿವಿ ನೋಡಲು ಹೋದೆ.

ಮಳೆಗಾಲದಲ್ಲಿ ಒಂದು ದಿನ ನಾನು ಮೊಣಕಾಲು ತೋರಿಸಲು ಹೋದಾಗ, ಆ ಮನೆಯ ನಳ ಸೋರುತ್ತಿದೆ ಎಂದು ಫೋನು ಬಂತಂತೆ. ಜಾನ್ಸನ್ ಪಾನಾ ತೆಗೆದುಕೊಂಡು ತಾವೇ ಹೋಗಿದ್ದರು. ಬಂದ ಮೇಲೆ ಪಾನಾ ಒರೆಸಿಡುತ್ತ ಕೇಳಿದರು:

"ಆಕಿ ನನ್ನ ಕಂಡ್ರ ಯಾಕ ಹಂಗ ಹೆದರತಾಳ? ನಾ ಒಳಗ ಕಾಲಿಟ್ಟದ್ದೇ ತಡ ರೊಟ್ಟಿ ಬಡಿಯೋ ಸಪ್ಪಳ ನಿಂತು ಹೋತು. ಮೂರೂ ಮಂದಿ ಗ್ವಾಡಿಗೆ ಹತ್ತಿ ನಿಂತ್ರು. ಹೊರಗ ಬರೋ ಮುಂದ, 'ಸಾಹೇಬ್ರ, ಅಕ್ಕಾರಿಗೆ ಏನೂ ಅನಬ್ಯಾಡ್ರಿ' ಅಂದ್ಲು. ನಾ ನಿನಗ ಏನ್ ಅಂದೇನಿ?"

"ಹಳ್ಳಿಯವರು. ಗಂಡಸರನ್ನ ಕಂಡ್ರ ಸಂಕೋಚ," ಅಂದೆ.

"ಹೌದೇನು?" ಎಂದು ನಂಬಿದರು. ನಂಬುವವರನ್ನು ಕಟ್ಟಿಕೊಂಡರೆ ಸುಳ್ಳು ಹೇಳುವ ಹೆಂಗಸು ಸುಧಾರಿಸುವುದೇ ಇಲ್ಲ.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಗುರುವಾರ ಚರ್ಚಿನ ಸ್ತ್ರೀಯರ ಕೂಟ ಮುಗಿಸಿ ಮನೆಗೆ ಬಂದಾಗ ಜಾನ್ಸನ್ ಬಾಗಿಲಲ್ಲೇ ನಿಂತಿದ್ದರು, ಮುಖವೆಲ್ಲ ನಗು.

"ದಯಾ, ನಿನ್ನ ತಲಿಬ್ಯಾನಿ ಮುಗಿಸೇನಿ. ಆ ಮನಿಗೆ ಕಮರುದ್ದೀನ ಗಿರಾಕಿ ಕರಕೊಂಡು ಬಂದಿದ್ರು. ಕುಮಾರಸ್ವಾಮಿ ಅಂತ, ಕಾಳಿನ ವ್ಯಾಪಾರ ಮಾಡ್ತಾರ, ಗೋಡಾವ್ನಕ್ಕ ಬೇಕಂತ. ನಾವು ಕೊಂಡದ್ದಕ್ಕಿಂತ ಹೆಚ್ಚಿಗಿ ಕೊಡತಾರ. ಆತು ಅಂದೆ. ಐತವಾರ ಅಲ್ಲೇ ಮನಿ ನೋಡಿ ಇಸಾರ ಕೊಡತಾರ."

ಇಸಾರದ ಮುಂಗಡ ಹಣ ಕೈಗೆ ಬಂದರೆ ಮಾತು ಮುಗಿದಂತೆ. ನಾನು ಚಪ್ಪಲಿ ಕೂಡ ಬಿಡದೆ ನಿಂತೆ.

"ನನ್ನ ಕೇಳಲಿಲ್ಲ ಯಾಕ್ರಿ?"

"ದಿನಾ ಗ್ವಾಡಿ ಸೋರತೈತಿ, ಸಂಗವ್ವ ಅದು ಕೇಳ್ತಾಳ, ಇದು ಕೇಳ್ತಾಳ ಅಂತಿದ್ದೆಲ್ಲ. ಸಾಕಾಗೇತಿ ಅನ್ಕೊಂಡೆ. ಮತ್ತ ಕಮರುದ್ದೀನ ಅಂದ್ರು, ಮನಿದೆಲ್ಲಾ ನಮ್ಮ ಮನ್ಯಾವ್ರ ನೋಡ್ತಾರ ಅಂತ ನೀನ ಊರಿಗೆಲ್ಲಾ ಹೇಳೀದಿ ಅಂತ." ಸ್ವಲ್ಪ ನಾಚಿಕೊಂಡು ಸೇರಿಸಿದರು: "ನನ್ನ ಮ್ಯಾಲೆ ಅಷ್ಟು ಭರೋಸಾ ಇಟ್ಟೀದಿ ಅಂತ ಖುಷಿ ಆತು ನನಗ."

ಮಾರುವುದಿಲ್ಲ ಎಂದೆ. "ಆತು, ಹಂಗಾರ ಬ್ಯಾಡ ಅಂತ ಹೇಳಿಬಿಡು," ಎಂದರು, ಅಷ್ಟೇ ಸುಲಭವಾಗಿ. ನೀವೇ ಹೇಳಿ ಎಂದೆ. "ಮನಿ ನಿಂದು. ಹೂಂ ಅಂದದ್ದ ನನ್ನ ತಪ್ಪು, ಮತ್ತ ಉಹೂಂ ಅಂತ ಹೆಂಗ ಅನ್ಲಿ?" ಎಂದು ರೇಡಿಯೋದ ಕಡೆ ಹೋದರು.

ಕಮರುದ್ದೀನರಿಗೆ ಫೋನು ಮಾಡಿದೆ. ಇಷ್ಟಾದ ಮೇಲೆ ನಾನು ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. "ನಮ್ಮ ಮನ್ಯಾವ್ರು ಬ್ಯಾಡ ಅಂತಾರ್ರಿ," ಅಂದೆ.

ಆ ಕಡೆಯಿಂದ ದೊಡ್ಡ ನಗು. "ಅವರ ಜೋಡಿನ ಈಗ ಚಾ ಕುಡದು ಬಂದೇನ್ರಿ ಮೇಡಮ್ಮಾರ! ಸಾಹೇಬ್ರು ಮಾತು ಕೊಟ್ಟಾರ. ಹೆಣ್ಮಕ್ಕಳಿಗೆ ಮನಿ ಮ್ಯಾಲೆ ಮಾಯಾ ಇರತೈತಿ, ನನಗ ತಿಳೀತೈತ್ರಿ. ಎರಡ ದಿನ ಆಗತೈತಿ, ಆಮ್ಯಾಲೆ ಮರೀತೀರಿ."

ಫೋನು ಇಟ್ಟರು. ನಾನೇ ಕಟ್ಟಿದ ಗೋಡೆಗೆ ನಾನೇ ತಲೆ ಹಚ್ಚಿ ನಿಂತಿದ್ದೆ.

ಭಾನುವಾರ ಆರಾಧನೆ ಮುಗಿಸಿ ಇಬ್ಬರೂ ಆ ಮನೆಗೆ ಹೋದೆವು. ಕುಮಾರಸ್ವಾಮಿ ಆಗಲೇ ಬಂದು ಕೋಣೆಯನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು, ಎಷ್ಟು ಚೀಲ ಹಿಡಿದಾವು ಎಂದು ಬಾಯಲ್ಲೇ ಎಣಿಸುತ್ತ. ನನ್ನನ್ನು ನೋಡಲೂ ಇಲ್ಲ. ಸಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೆ ಜೋಳದ ಹಿಟ್ಟು. ಜಾನ್ಸನ್ ಒಳಗೆ ಬಂದದ್ದೇ ಆಕೆ ಕೈ ಜೋಡಿಸಿದಳು.

"ಸಾಹೇಬ್ರ, ನೀವು ಸಿಟ್ಟಿನವ್ರು ಅಂತ ಗೊತ್ತೈತ್ರಿ. ಆದ್ರೂ ನಮ್ಮ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ. ಈಗೀಗ ಗಿರಾಕಿ ಹತ್ಯಾರ."

ಜಾನ್ಸನ್ ಹಿಂದೆ ತಿರುಗಿ ನೋಡಿದರು, ಬೇರೆ ಯಾವ ಸಾಹೇಬರು ಬಂದರು ಎಂದು.

ಕುಮಾರಸ್ವಾಮಿ ಜೇಬಿನಿಂದ ಲಕೋಟೆ ತೆಗೆದು, "ತಗೋರಿ, ಒಳ್ಳೆ ದಿನ ಐತಿ," ಎಂದು ನನ್ನ ಮೂಗಿನ ಮುಂದಿನಿಂದಲೇ ಅವರ ಕಡೆ ಚಾಚಿದರು.

"ಕೊಡಬ್ಯಾಡ್ರಿ. ಮಾರಂಗಿಲ್ಲ," ಅಂದೆ. ದನಿ ಎಲ್ಲಿಂದಲೋ ಕೀರಲಾಗಿ ಬಂತು.

ಕಮರುದ್ದೀನ ಸಮಾಧಾನದ ದನಿಯಲ್ಲಿ, "ಮೇಡಮ್ಮಾರ, ಹೆಸರು ನಿಮ್ದ ಐತಿ, ಇಲ್ಲ ಅನ್ನಂಗಿಲ್ಲ. ಎಲ್ಲಾರ ಮನ್ಯಾಗೂ ಹಂಗ. ಹೆಸರು ಹೆಣ್ಮಕ್ಕಳದಿರತೈತಿ, ಮಾತು ಗಂಡಸರದಿರತೈತಿ. ಇಷ್ಟ ದಿನಾ ನೀವ ಅಂದ್ರೆಲ್ಲ," ಎಂದರು.

ಅಂದದ್ದು ನಾನೇ. ಆ ಲಕೋಟೆ ಇನ್ನೂ ಗಾಳಿಯಲ್ಲಿತ್ತು. ಜಾನ್ಸನ್ ಅದನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆ ಹೊತ್ತಿನಲ್ಲಿ ನನ್ನ ಪರವಾಗಿ ಮಾತಾಡಲು ಒಬ್ಬ ಡಾಕ್ಟರಾದರೂ ಬಾಗಿಲಲ್ಲಿ ಕಾಣಿಸಿಕೊಳ್ಳಬಾರದೇ ಅನ್ನಿಸಿತು.

"ಸುಳ್ಳ ಹೇಳಿದ್ದೆ," ಅಂದೆ. "ಇವರಿಗೆ ಏನೂ ಗೊತ್ತಿಲ್ಲ. ನಾ ಇವರನ್ನ ಒಂದ ಸಲನೂ ಕೇಳಿಲ್ಲ. ಇಷ್ಟ ದಿನಾ ಬ್ಯಾಡ ಅಂದಾಕಿ ನಾನ. ಶೆಡ್ ಬ್ಯಾಡ ಅಂದಾಕಿ ನಾನ, ಹಸಿರು ಬಣ್ಣ ಬ್ಯಾಡ ಅಂದಾಕಿ ನಾನ. ಹೆಸರೂ ನಂದು, ಮಾತೂ ನಂದು. ಹೇಳಾಕ ಹೆದರಿಕಿ ಆಗತಿತ್ತು, ಅದಕ್ಕ ಇವರ ಹೆಸರು ಹೇಳಿದೆ."

ಕುಮಾರಸ್ವಾಮಿ ಲಕೋಟೆಯನ್ನು ಜೇಬಿಗೆ ಇಳಿಸಿದರು. "ಮೊದಲ ಗಂಡ ಹೆಣ್ತಿ ಮನ್ಯಾಗ ಕುಂತು ಮಾತಾಡಿ ಆಮ್ಯಾಲೆ ಮಂದೀನ ಕರೀರಿ," ಎಂದು ಕಮರುದ್ದೀನರ ಕಡೆ ಒಂದು ಕೆಂಡದ ನೋಟ ಎಸೆದು ಹೊರಟುಹೋದರು.

"ಹಂಗಾರ," ಕಮರುದ್ದೀನ ಗದ್ದ ಕೆರೆದುಕೊಂಡರು, "ಆ ಐವತ್ತು ಸಾವಿರ ಕಡಿಮಿ ಆದದ್ದು ಯಾರ ಹೆದರಿಕಿಗ್ರಿ?"

"ನನ್ನ ಹೆದರಿಕಿಗೇ ರೀ. ನಾನ ಭಾಳ ಹೆದರಿದ್ದೆ."

ಅವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗಿರಾಕಿಯ ಹಿಂದೆ ಓಡಿದರು.

ಜಾನ್ಸನ್ ಮೆಲ್ಲಗೆ ಸಂಗವ್ವನನ್ನು ಕೇಳಿದರು: "ನಾ ಇನ್ನೇನೇನ್ ಮಾಡ್ತಿದ್ನಿರಿ?"

"ತಾಟ ಸರಿಸಿ ಏಳ್ತಿದ್ರಿ," ಅಂದಳು ಸಂಗವ್ವ, ಇನ್ನೂ ಅನುಮಾನದಿಂದಲೇ. "ವಾರಗಟ್ಟಲೆ ಮಾತಾಡ್ತಿದ್ದಿಲ್ಲ. ಕೈ ಮಾತ್ರ ಮಾಡ್ತಿದ್ದಿಲ್ಲಂತ್ರಿ."

ಬೇರೆ ಯಾರದೋ ಕಥೆ ಕೇಳುವವರ ಹಾಗೆ ತಲೆದೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಹಂಗ ಇದ್ದಿದ್ರ ನಿನಗ ಛಲೋ ಆಗತಿತ್ತೇನು?" ಎಂದು ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವಂತಿತ್ತು ಆ ದನಿ. ನಾನು ಇಲ್ಲ ಎಂದು ತಲೆಯಾಡಿಸಿದೆ. ಆಗ ಮುಖ ಎತ್ತಿ ನೋಡುವುದು ಆಗಲಿಲ್ಲ. ಅವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಮನೆಗೆ ಹೋದ ಮೇಲೆ ಆ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಬೇಕಾದೀತು ಎಂದು ನನಗೆ ಗೊತ್ತಿತ್ತು.

ಸಂಗವ್ವ ಮಾತ್ರ ಅಲುಗಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು.

"ಎಂಟ ತಿಂಗಳ ನಾ ನಿಮ್ಮ ಸಲುವಾಗಿ ದೇವರಿಗೆ ಕೈ ಮುಗದೇನ್ರಿ, ಅಕ್ಕಾರ. ಈ ಅಕ್ಕಾರಿಗೆ ಗಂಡನ ಕಾಟ ತಪ್ಪಲಿ ಅಂತ."

"ತಪ್ಪಾತು ಸಂಗವ್ವಾರ."

"ತಪ್ಪಾತು ಅಂದ್ರ ಮುಗೀತೇನ್ರಿ? ಇವತ್ತಿನಿಂದ ನಾ ಕೇಳಿದ್ದಕ್ಕ ನೀವ ಹೇಳಬೇಕು. ನಾಳಿ ನಾಡದ ಅನ್ನಂಗಿಲ್ಲ." ಉಸಿರು ತೆಗೆದುಕೊಂಡಳು. "ಮುಂದಿನ ಖೋಲ್ಯಾಗ ಒಂದು ಹಿಟ್ಟಿನ ಗಿರಣಿ ಇಡಬೇಕಂತ ಮಾಡೇನಿ. ಇಡ್ಲೋ ಬ್ಯಾಡೋ?"

"ಬ್ಯಾಡ್ರಿ."

ಬಂದೇ ಬಿಟ್ಟಿತು ಆ ಪದ. ನಾನು ನನ್ನ ಬಗ್ಗೆ ಹೆಮ್ಮೆಪಡಲು ಹೊರಟಿದ್ದೆ, ಅಷ್ಟರಲ್ಲಿ ಆಕೆ ಇನ್ನೊಂದು ಪ್ರಶ್ನೆ ಎಸೆದಳು:

"ಯಾಕ?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮ ಮನ್ಯಾವ್ರು ಬೇಡ ಅಂದರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕಾರಣವನ್ನು ಹುಡುಕಿಟ್ಟುಕೊಂಡಿರಲಿಲ್ಲ. ಗೋಡೆ ನೋಡಿದೆ, ನೆಲ ನೋಡಿದೆ, ನನ್ನ ಮೊಣಕಾಲು ನೋಡಿಕೊಂಡೆ.

"ಗ್ವಾಡಿ ಹಳೇವು," ಅಂದೆ ಕಡೆಗೆ. "ಮಣ್ಣಿನಾಗ ಕಟ್ಟ್ಯಾರ. ಗಿರಣಿ ನಡದ್ರ ಬಿರಕ ಬಿಡತಾವು. ಮ್ಯಾಲಿಂದ ಕರೆಂಟಿಂದು ಬ್ಯಾರೇ ಮೀಟರ್ ತಗೋಬೇಕಾಗತೈತಿ."

"ಸಣ್ಣ ಗಿರಣಿ ರೀ. ಮನ್ಯಾಗ ಇಡೂವಂಥಾದ್ದು. ಮಿಕ್ಸರ್‌ಕಿಂತ ತುಸು ದೊಡ್ಡದು."

"ಮಿಕ್ಸರ್‌ಕಿಂತ ತುಸು ಅಂದ್ರ ಎಷ್ಟ್ರಿ?"

ಆಕೆ ಕೈಯಗಲಿಸಿ ತೋರಿಸಿದಳು. ನನಗೆ ಅದು ಸಣ್ಣದಾಗಿ ಕಾಣಲಿಲ್ಲ, ಹಾಗೆಂದು ಹೇಳಿದೆ. ಆಕೆ ಕೈಯನ್ನು ಒಂದು ಗೇಣು ಒಳಗೆ ತಂದಳು. ಅದೂ ದೊಡ್ಡದೇ ಎಂದೆ. ನೀವು ಗಿರಣಿ ನೋಡಿದ್ದೀರೇನು ಎಂದಳು. ನೋಡಿರಲಿಲ್ಲ. ಅದನ್ನೂ ಒಪ್ಪಿಕೊಳ್ಳಬೇಕಾಯಿತು.

ಸಂಗವ್ವ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಖರೇ ಹೇಳ್ಲೇನ್ರಿ ಅಕ್ಕಾರ? ನಿಮಗಿಂತ ಆ ಸಿಟ್ಟಿನ ಸಾಹೇಬ್ರ ಛಲೋ ಇದ್ರು. ಅವರು ಒಂದ ಮಾತು ಅಂತಿದ್ರು, ನಾ ಮನಸ್ಸಿನ್ಯಾಗ ಬೈಕೊಂಡು ಸುಮ್ನಾಗತಿದ್ದೆ. ನಿಮ್ಮ ಜೋಡಿ ಜಗಳಾನ ಮಾಡಬೇಕಾಗತೈತಿ."

"ಹೂನ್ರಿ, ಮಾಡಬೇಕಾಗತೈತಿ," ಅಂದೆ. ಗೋಡೆ ಹಿಡಿದು ನೆಲದ ಮೇಲೆ ಕೂತೆ. "ನೀವೂ ಕುಂಡರ್ರಿ."

ಆಕೆ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು, ಸೆರಗು ಸಿಗಿಸಿಕೊಂಡಳು.

"ಮೊದಲ ಗ್ವಾಡಿದು ಹೇಳ್ರಿ," ಅಂದಳು.